ಬಾಗಿಲೊಳಗಿನ ಕೆಂಪು

ಟಿಂಕರ್ ಉಡಚಪ್ಪ ಹಳೆಯ ಅಂಬಾಸಿಡರ್‌ನ ತುಕ್ಕು ತಿಂದ ಬಾಗಿಲನ್ನು ಕತ್ತರಿಸುತ್ತಿದ್ದಂತೆ ಒಳಗಿನಿಂದ ಕೆಂಪು ಪುಡಿ ಸುರಿಯಿತು. ಕಾರಿನ ಮಾಲೀಕ ಕೊಟ್ರಪ್ಪ ಬಗ್ಗಿ ಒಂದು ಹಿಡಿ ಎತ್ತಿಕೊಂಡು ಮೂಗಿಗೆ ಹಿಡಿದ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಮೂಸಿಯೇ ಹೊಸ ಮಾಲೋ ಹಳೆಯದೋ ಎಂದು ಹೇಳುವ ಮೂಗು ಅದು.

“ಬರೇ ತುಕ್ಕು,” ಎಂದ. “ಎಷ್ಟು ತಿಂದೈತಿ ನೋಡೋ ಉಡಚಪ್ಪ.”

ಉಡಚಪ್ಪನ ಕೈ ನಿಂತಿತು. ಅವನು ಪಕ್ಕದಲ್ಲೇ ನಿಂತಿದ್ದ ಕೊಟ್ರಪ್ಪನ ಮಗಳು ಭುವನಾಳ ಮುಖ ನೋಡಿದ. ಈ ಕಾರಿನಲ್ಲಿ ಮೂಟೆ ಹೇರುತ್ತಿದ್ದ ಕಾಲದ ಮೆಣಸಿನಕಾಯಿ ಪುಡಿ ಅದು. ಖಾರ ಸತ್ತಿದ್ದರೂ ವಾಸನೆ ಅವನ ಮೂಗಿಗೂ ಅವಳ ಮೂಗಿಗೂ ಬಡಿದಿತ್ತು.

“ಹೌದ್ರಿ ಸಾವ್ಕಾರ್ರ, ತುಕ್ಕ ಐತ್ರಿ,” ಎಂದ ಉಡಚಪ್ಪ.

ಕೊಟ್ರಪ್ಪ ಕೈ ಕೊಡವಲು ಹೋಗಿ ತಡೆದ. ಬೆರಳ ಸಂದಿಯಲ್ಲಿ ಮೆಣಸಿನಕಾಯಿ ಬೀಜವೊಂದು ಸಿಕ್ಕಿಕೊಂಡಿತ್ತು. ಮತ್ತೆ ಮೂಸಿದ. ಕಣ್ಣು ಮುಚ್ಚಿ, ಎದೆಯುಬ್ಬುವಂತೆ ಉಸಿರೆಳೆದು, ಇನ್ನೊಮ್ಮೆ ಮೂಸಿದ. ಭುವನಾ “ಅಪ್ಪಾ” ಎಂದಳು.

ಅವನು ಆ ಬೀಜವನ್ನು ಅವಳ ಅಂಗೈಯಲ್ಲಿಟ್ಟ.

“ನಾಳೆ ಮಾಲು ನೋಡಾಕ ನೀನ ಹೋಗವ್ವಾ.”