ಪ್ಯಾಲಿಯೇಟಿವ್

ಗಂಡನಿಗೆ ಏನೂ ಹೇಳಬೇಡಿ ಎಂದು ಡಾಕ್ಟರಿಗೆ ಕೈಮುಗಿದು ಬಂದಿದ್ದ ವಿಶಾಲಮ್ಮನಿಗೆ, ಅವರು ಕೊಟ್ಟ ಚೀಟಿಯ ಕೊನೆಯಲ್ಲಿದ್ದ ಒಂದು ಇಂಗ್ಲಿಷ್ ಪದ ಅರ್ಥವಾಗಲಿಲ್ಲ. ಮನೆಯಲ್ಲಿ ಇಂಗ್ಲಿಷ್ ಬಲ್ಲವರು ಒಬ್ಬರೇ: ಮೂವತ್ತು ವರ್ಷ ಅದನ್ನೇ ಪಾಠ ಹೇಳಿ, ಈಗ ಹಾಸಿಗೆ ಹಿಡಿದಿರುವ ಗಂಡ. ಎರಡು ದಿನ ತಡೆದುಕೊಂಡು, ಮೂರನೆಯ ದಿನ ಗಂಜಿ ಕುಡಿಸುತ್ತ ಕೇಳಿಯೇಬಿಟ್ಟರು.

“ರೀ, ಪ್ಯಾಲಿಯೇಟಿವ್ ಅಂದ್ರೇನು? ಎದುರುಮನೆ ರತ್ನಳ ಮಾವನ ಚೀಟೀಲಿ ಬರೆದಿದ್ದಾರಂತೆ.”

ಮೇಷ್ಟ್ರು ದಿಂಬಿಗೆ ಬೆನ್ನು ಕೊಟ್ಟು ನೆಟ್ಟಗೆ ಕೂತರು. ಆಮೇಲೆ ತರಗತಿಯ ದನಿ ತಾನಾಗಿ ಬಂತು.

“ಮೂಲ ಲ್ಯಾಟಿನ್ ಕಣೇ. ಪಾಲಿಯಂ ಅಂದ್ರೆ ಮೈಮೇಲೆ ಹೊದೆಯೋ ವಸ್ತ್ರ. ಅದರಿಂದ ಹೊದಿಸೋದು, ಮುಚ್ಚೋದು ಅಂತಾಯ್ತು. ರೋಗ ವಾಸಿಯಾಗಲ್ಲ ಅಂತ ಗೊತ್ತಾದ್ಮೇಲೆ ನೋವಿಗೊಂದು ಹೊದಿಕೆ ಹೊದಿಸ್ತಾರೆ, ಅಷ್ಟೇ.”

“ಅಂದ್ರೆ ಆ ಮನುಷ್ಯ ಉಳಿಯಲ್ವಾ?”

“ಉಳಿಯಲ್ಲ.”

ವಿಶಾಲಮ್ಮ ಗಂಜಿಯ ಬಟ್ಟಲು ಕೆಳಗಿಟ್ಟರು. “ಪಾಪ, ರತ್ನಂಗೆ ಹೇಗೆ ಹೇಳೋದೋ,” ಎಂದರು.

“ಪದದ ವಿಷಯದಲ್ಲಿ ಸುಳ್ಳು ಹೇಳೋಕೆ ನನಗೆ ಬರಲ್ಲ ಕಣೇ,” ಎಂದರು ಮೇಷ್ಟ್ರು. “ಅದಕ್ಕೇ ಆ ಡಾಕ್ಟರಿಗೆ ಅಷ್ಟು ಹೇಳಿದ್ದೆ, ಚೀಟಿ ನಿನ್ನ ಕೈಗೆ ಕೊಡಬೇಡಿ ಅಂತ.”