ಮೊದಲು ಪೆಟ್ರೋಲು, ಆಮೇಲೆ ಕಿಡಿ

ಎಷ್ಟು ಕಿಕ್ ಹೊಡೆದರೂ ಅಪ್ಪನ ಹಳೇ ಬೈಕು ಕೆಮ್ಮಲೂ ಇಲ್ಲ. ಅಮ್ಮನನ್ನು ನೋಡಿ ಬರುತ್ತೇನೆಂದು ಹೊರಟಿದ್ದ ಅವಳು ಚೀಲವನ್ನು ಸೀಟಿನ ಮೇಲಿಟ್ಟು ಬಗ್ಗಿದಳು. ಮೆಟ್ಟಿಲ ಮೇಲೆ ಕೂತಿದ್ದ ಗಂಡ ನಕ್ಕ. “ಅದರ ಕಥೆ ಮುಗೀತು ಕಣೇ. ಸುಮ್ನೆ ಒಳಗೆ ಬಾ.”

“ನಿನ್ನೆ ಸಂಜೆ ಚೆನ್ನಾಗೇ ಇತ್ತಲ್ಲ ರೀ.”

ಮೊದಲು ಪೆಟ್ರೋಲು, ಆಮೇಲೆ ಕಿಡಿ. ಬೈಕು ಕೆಟ್ಟರೆ ಏನು ನೋಡಬೇಕೆಂದು ಅಪ್ಪ ಕಲಿಸಿದ್ದು ಅಷ್ಟೇ. ಪೈಪು ಕಿತ್ತರೆ ಪೆಟ್ರೋಲು ಧಾರಾಳವಾಗಿ ಸುರಿಯಿತು. ಪೈಪು ಮತ್ತೆ ಸಿಕ್ಕಿಸಿ, ಪ್ಲಗ್ಗಿನ ಕ್ಯಾಪ್ ಎಳೆದು ಒಳಗೆ ಕಿರುಬೆರಳು ಹಾಕಿದಳು. ಏನೋ ನುಣ್ಣಗೆ ತಗುಲಿತು. ಹಾಲಿನ ಪ್ಯಾಕೆಟ್ಟಿನ ತುಂಡು. ಕಿಡಿ ಪ್ಲಗ್ಗಿಗೆ ದಾಟದಂತೆ ಯಾರೋ ಅದನ್ನು ಕತ್ತರಿಯಿಂದ ಅಚ್ಚುಕಟ್ಟಾಗಿ ಕತ್ತರಿಸಿ, ಮಡಿಚಿ ಮಡಿಚಿ ತುರುಕಿದ್ದರು. ಆ ಮನೆಯಲ್ಲಿ ಇದ್ದದ್ದು ಇಬ್ಬರೇ.

ತುಂಡನ್ನು ಮುಷ್ಟಿಯೊಳಗೆ ಅಡಗಿಸಿಕೊಂಡಳು.

“ಏನಾದ್ರೂ ಸಿಕ್ತಾ?”

“ಏನೂ ಇಲ್ಲ ರೀ.”

ಕ್ಯಾಪ್ ಒತ್ತಿ ಕೂರಿಸಿ, ಮೈಭಾರವೆಲ್ಲ ಹಾಕಿ ಕಿಕ್ ಹೊಡೆದಳು. ಬೈಕು ಒಂದೇ ಏಟಿಗೆ ಗುಡುಗಿತು. ಚೀಲ ಹೆಗಲಿಗೇರಿಸಿ ತಿರುಗಿದರೆ ಮೆಟ್ಟಿಲು ಖಾಲಿ. ಗಂಡ ಗೇಟಿನ ಬಳಿ ನಿಂತು, ಬೀಗ ಸರಿಯಾಗಿ ಬಿದ್ದಿದೆಯೇ ಎಂದು ಎಳೆದು ನೋಡುತ್ತಿದ್ದ.