ತ್ರಿಕೋನದ ಬಟನ್

ಹೊಸ ಸ್ಟೀಲ್ ಹರಿವಾಣದಲ್ಲಿ ಟವೆಲು ಹಾಸಿ, ಅದರ ಮೇಲೆ ಕಂಪ್ಯೂಟರಿನ ಕೀಬೋರ್ಡನ್ನು ಮಲಗಿಸಿಕೊಂಡು ಆ ಹೆಂಗಸು ಜಬೀವುಲ್ಲನ ರಿಪೇರಿ ಅಂಗಡಿಗೆ ಬಂದಳು.

“ಮನೆ ಬದಲಾಯಿಸಿದಾಗಿನಿಂದ ಈ ತ್ರಿಕೋನದ ಬಟನ್ ಬಾಯೇ ಬಿಡ್ತಿಲ್ಲ. ಒತ್ತಿದ್ರೆ ನನ್ನ ಮಗಳು ಹಾಡ್ತಿದ್ಲು. ಆಸ್ಪತ್ರೆಗೆ ಸೇರೋ ಹಿಂದಿನ ದಿನ ಅವಳೇ ತೋರಿಸಿಕೊಟ್ಟಿದ್ಲು.”

ಮಗಳು ಈಗಿಲ್ಲವೆಂದು ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ವೈರನ್ನು ತನ್ನ ಕಂಪ್ಯೂಟರಿಗೆ ಸಿಕ್ಕಿಸಿ ತ್ರಿಕೋನ ಒತ್ತಿದ. ಬೆಳಗ್ಗೆ ಅವನು ಅರ್ಧಕ್ಕೆ ನಿಲ್ಲಿಸಿದ್ದ ಕವ್ವಾಲಿ ಅಲ್ಲಿಂದಲೇ ಮುಂದುವರಿಯಿತು.

“ನೋಡಿ, ಚೆನ್ನಾಗೇ ಇದೆ.”

“ಇದು ಅವಳ ದನಿಯಲ್ಲ.”

ಜಬೀವುಲ್ಲ ನಕ್ಕುಬಿಟ್ಟ. ನಕ್ಕಿದ್ದಕ್ಕೆ ತಾನೇ ನಾಚಿ, ಕವ್ವಾಲಿ ನಿಲ್ಲಿಸಿ, ಸ್ಟೂಲು ಎಳೆದು ಅವಳನ್ನು ಕೂರಿಸಿದ.

“ಅಮ್ಮ, ಬಟನ್ ಹಾಡಲ್ಲ. ಬಾಗಿಲ ಬೆಲ್ ಇದ್ದ ಹಾಗೆ ಇದು. ಒತ್ತಿದ್ರೆ ಹಾಡು ಅಂತ ಕಂಪ್ಯೂಟರಿಗೆ ಒಂದು ಸನ್ನೆ ಹೋಗುತ್ತೆ, ಅಷ್ಟೆ. ಆಮೇಲೆ ಕಂಪ್ಯೂಟರ್ ತನ್ನೊಳಗೆ ಏನಿದೆಯೋ ಅದನ್ನ ಹಾಡುತ್ತೆ.”

“ಅಂದ್ರೆ ಇದರೊಳಗೆ ಅವಳಿಲ್ವಾ?”

“ಇದರಲ್ಲಿ ಏನೂ ಇಲ್ಲ. ಇರೋದೆಲ್ಲ ನಿಮ್ಮ ಮನೆ ಕಂಪ್ಯೂಟರಿನ ಆ ದೊಡ್ಡ ಡಬ್ಬದಲ್ಲಿ. ಡಬ್ಬ ಕೆಟ್ಟಿದ್ರೂ ಪರವಾಗಿಲ್ಲ, ತಗೊಂಡು ಬನ್ನಿ. ಮಗಳ ದನಿ ತೆಗೆದುಕೊಡೋದು ನನ್ನ ಜವಾಬ್ದಾರಿ.”

ಅವಳು ಟವೆಲನ್ನು ನಿಧಾನವಾಗಿ ನಾಲ್ಕು ಮಡಿಕೆ ಮಾಡಿ ಮಡಿಲಲ್ಲಿಟ್ಟುಕೊಂಡಳು. ಖಾಲಿ ಹರಿವಾಣವನ್ನು ಅವನ ಕಡೆಗೆ ತಳ್ಳಿದಳು.

“ಹಳೇ ಮನೆ ಬಿಡೋವಾಗ, ಬೀದೀಲಿ ಪಾತ್ರೆ ಮಾರ್ಕೊಂಡು ಬಂದವನಿಗೆ ಆ ಡಬ್ಬ ಕೊಟ್ಟು ಇದನ್ನ ತಗೊಂಡೆ ಕಣಪ್ಪ.”